ಹೆಗ್ಗದ್ದೆಗೆ ಬಂದ ಕರೆಂಟು ಗಾಡಿ

ಆ ಭಾನುವಾರ ಊಟದ ಮಧ್ಯೆ ದೇವೇಂದ್ರ ನಾಲ್ಕನೇ ಸಲ ಎದ್ದು ಹೋದದ್ದೇ ಎಲ್ಲದಕ್ಕೂ ಮೂಲ.

ಕೆ. ಹೊಸಕೋಟೆಯ ಬಸ್ ಸ್ಟ್ಯಾಂಡಿನ ಎದುರು ಅವನದೊಂದು ಜೆರಾಕ್ಸ್ ಅಂಗಡಿ. ಜೆರಾಕ್ಸು ಹೆಸರಿಗೆ ಮಾತ್ರ. ಪಹಣಿ, ಆಧಾರ್, ರೇಷನ್ ಕಾರ್ಡು, ಪಿಂಚಣಿ, ಮಕ್ಕಳ ಸ್ಕಾಲರ್‌ಶಿಪ್ಪು ಹೀಗೆ ಹೋಬಳಿಯ ಜನ ಕಂಪ್ಯೂಟರಿಗೆ ಹೇಳಬೇಕಾದದ್ದನ್ನೆಲ್ಲ ದೇವೇಂದ್ರನ ಬಾಯಿಂದಲೇ ಹೇಳಿಸಬೇಕು. ಭಾನುವಾರ ಅಂಗಡಿಗೆ ರಜ, ದೇವೇಂದ್ರನಿಗಿಲ್ಲ. ಅಂಗಡಿಯ ಬಾಗಿಲು ಹಾಕಿದ್ದರೆ ಜನ ಮನೆಗೇ ಬರುತ್ತಿದ್ದರು. ಒಲ್ಲೆ ಎನ್ನುವುದು ಅವನಿಗೆ ತಿಳಿಯದು. ‘ಆಗಲ್ಲ’ ಎನ್ನಲು ಬಾಯಿ ತೆರೆದರೆ ಅದು ‘ಆಗ್ಲಿ’ ಆಗಿ ಹೊರಬೀಳುತ್ತಿತ್ತು.

ನಾಲ್ಕನೆಯವರು ತಮ್ಮ ಹೆಬ್ಬೆಟ್ಟನ್ನು ಮಷೀನು ಒಪ್ಪದ ಗೋಳನ್ನೆಲ್ಲ ಹೇಳಿ ಹೋಗುವಷ್ಟರಲ್ಲಿ ಅವನ ತಟ್ಟೆಯ ಸಾರು ತಣ್ಣಗಾಗಿ ಅನ್ನ ಮುದ್ದೆಗಟ್ಟಿತ್ತು. ಹೆಂಡತಿ ಸೌಜನ್ಯ ಬಂದು ಎದುರು ಕೂತಳು. ಜಗಳವಾಡಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ಹೆದರಿಕೆಯಾಯಿತು.

"ರೀ, ನಂಗೆ ಒಡವೆ ಬೇಡ, ಸೀರೆ ಬೇಡ. ಎರಡು ದಿವ್ಸ ಎಲ್ಲಾದ್ರೂ ಕರ್ಕೊಂಡ್ ಹೋಗಿ. ನಾವಿಬ್ರೇ ಇರ್ಬೇಕು."

"ಲಾಡ್ಜಿಗೆ ಹೋಗಣ್ವಾ?"

"ಲಾಡ್ಜಲ್ಲಿ ರೂಂ ಬಾಯ್ ಬರ್ತಾನೆ."

"ಹೋಂಸ್ಟೇ?"

"ಓನರ್ ಬಂದು, ನೀವು ಹೊಸಕೋಟೆ ದೇವೇಂದ್ರಣ್ಣ ಅಲ್ವಾ, ಒಂದ್ ಪಹಣಿ ತೆಗೀಬೇಕಿತ್ತು ಅಂತಾನೆ."

ಅದೂ ನಿಜವೇ. ಆಗ ಅವನಿಗೆ ರಾಜೇಶನ ನೆನಪಾಯಿತು.

ಸಕಲೇಶಪುರದ ರಾಜೇಶ್ ಅವನ ಜೊತೆ ಕಾಲೇಜಿನಲ್ಲಿ ಓದಿದವನು. ಒಂದು ಬಿಳಿ ಟೆಂಪೋ ಟ್ರಾವೆಲರಿನ ಸೀಟುಗಳನ್ನೆಲ್ಲ ಕಿತ್ತು ಕ್ಯಾಂಪರ್ ವ್ಯಾನ್ ಮಾಡಿಸಿ ಬಾಡಿಗೆಗೆ ಬಿಡುತ್ತಿದ್ದ. ಒಳಗೆ ಇಬ್ಬರು ಮಲಗುವ ಹಾಸಿಗೆ, ಗ್ಯಾಸ್ ಒಲೆ, ಅಂಗೈಯಗಲದ ಸಿಂಕು, ಗೋಡೆಯ ಉದ್ದಕ್ಕೂ ಬಳ್ಳಿಯಂತೆ ಹಬ್ಬಿದ ಹಳದಿ ಲೈಟುಗಳು. ಹಾಸಿಗೆಯ ಕೆಳಗೆ ಎರಡು ದೊಡ್ಡ ಬ್ಯಾಟರಿ, ಛಾವಣಿಯ ಮೇಲೆ ಸೋಲಾರ್ ಹಲಗೆ, ಅದನ್ನು ಒರೆಸಲು ಹಿಂಬದಿಯಲ್ಲೊಂದು ಕಬ್ಬಿಣದ ಏಣಿ. ಮಳೆಗಾಲದಲ್ಲಿ ಆ ಗಾಡಿಯನ್ನು ಕೇಳುವವರೇ ಇರಲಿಲ್ಲವಾಗಿ ರಾಜೇಶ್ ಸಂತೋಷದಿಂದ ಕೀ ಕೊಟ್ಟ.

"ಬಿಸಿಲು ಬಿದ್ರೆ ಬ್ಯಾಟರಿ ತಾನಾಗೇ ತುಂಬ್ಕೊಳ್ತದೆ ಮಾರಾಯ," ಎಂದ. ಸಕಲೇಶಪುರದಲ್ಲಿ ಬಿಸಿಲು ಬಿದ್ದು ಹನ್ನೊಂದು ದಿನವಾಗಿತ್ತು.

ಶನಿವಾರ ಬೆಳಿಗ್ಗೆ ವ್ಯಾನು ಹತ್ತುವ ಮೊದಲು ಸೌಜನ್ಯ ಗಂಡನನ್ನು ನಿಲ್ಲಿಸಿ ಪರೀಕ್ಷೆ ಮಾಡಿದಳು.

"ಎರಡು ದಿವ್ಸ ಯಾರ ಕೆಲಸಾನೂ ಮುಟ್ಟಂಗಿಲ್ಲ. ಯಾರಾದ್ರೂ ಬಂದು ಕೇಳಿದ್ರೆ ಏನನ್ಬೇಕು?"

"ಆಗ್... ಲ್ಲ."

"ಇನ್ನೊಂದ್ ಸಲ."

"ಆಗಲ್ಲ."

ಊರು ದಾಟುವವರೆಗೂ ಅವನು ಅದನ್ನು ಬಾಯಿಪಾಠ ಮಾಡುತ್ತಲೇ ಹೋದ. ಮಳೆ ಎಂದರೆ ಅಂಥಾ ಮಳೆ, ಯಾರೋ ಮೇಲಿನಿಂದ ಕೊಳಗದಲ್ಲಿ ಮೊಗೆದು ಮೊಗೆದು ಗಾಜಿಗೆ ಎರಚಿದ ಹಾಗೆ. ವೈಪರು ಆ ಕಡೆ ಈ ಕಡೆ ತಲೆಯಾಡಿಸುತ್ತ ಆಗಲ್ಲ, ಆಗಲ್ಲ ಎನ್ನುತ್ತಿತ್ತು. ದೇವೇಂದ್ರನಿಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು.

ಆದರೂ ಖುಷಿಯಾಗಿತ್ತು. ಕಾಫಿ ತೋಟಗಳ ನಡುವೆ ರಸ್ತೆ ಹಾವಿನಂತೆ ಹರಿದಿತ್ತು. ಮಂಜು ಗುಡ್ಡಗಳನ್ನು ಒಂದೊಂದಾಗಿ ನುಂಗಿ ಉಗುಳುತ್ತಿತ್ತು. ಸೌಜನ್ಯ ಕಾಲನ್ನು ಮೇಲಿಟ್ಟುಕೊಂಡು ಹುರಿಗಡಲೆ ತಿನ್ನುತ್ತ, ಮದುವೆಯಾದ ಹೊಸದರಲ್ಲಿ ಹಾಡುತ್ತಿದ್ದ ಹಾಡೊಂದನ್ನು ಗುನುಗಿದಳು. ಹೆಗ್ಗದ್ದೆ ದಾಟಿ ಎರಡು ತಿರುವು ಹೋದದ್ದೇ ತಡ, ರಸ್ತೆಗೆ ಅಡ್ಡಲಾಗಿ ಒಂದು ದೊಡ್ಡ ಮರ ಬೇರುಸಮೇತ ಮಲಗಿತ್ತು.

ದೇವೇಂದ್ರ ಗಾಡಿ ತಿರುಗಿಸಲು ಹೋದ. ಮೂರು ಸಲ ಹಿಂದೆ, ಮೂರು ಸಲ ಮುಂದೆ. ಏಳನೆಯ ಸಲ ಹಿಂದಿನ ಚಕ್ರ, ದಣಿದ ಎಮ್ಮೆ ಕೆರೆಗಿಳಿದ ಹಾಗೆ, ನಿಧಾನವಾಗಿ ಚರಂಡಿಗಿಳಿದು ಕೂತುಬಿಟ್ಟಿತು. ಎಷ್ಟು ಆಕ್ಸಿಲರೇಟರ್ ಒತ್ತಿದರೂ ಕೆಸರು ಹಾರಿತೇ ಹೊರತು ಗಾಡಿ ಏಳಲಿಲ್ಲ.

ಬೈಗುಳ ಕಾದು ಕೂತಿದ್ದ ಅವನಿಗೆ ಹೆಂಡತಿಯ ನಗು ಕೇಳಿಸಿತು.

"ಇರ್ಲಿ ಬಿಡ್ರೀ. ಇಬ್ರೇ ಇರ್ಬೇಕು ಅಂದಿದ್ದೆ, ಸಿಕ್ತಲ್ಲ. ಕಾಫಿ ಮಾಡ್ತೀನಿ."

ಹಳದಿ ಲೈಟು ಹಾಕಿ, ಒಲೆ ಹಚ್ಚಿ, ಇಬ್ಬರೂ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಾಫಿ ಕುಡಿದರು. ಹೊರಗೆ ಮಳೆ, ಒಳಗೆ ಬೆಚ್ಚಗೆ. ದೇವೇಂದ್ರನಿಗೆ ಇದು ಸ್ವರ್ಗ ಅನ್ನಿಸಿತು. ಆ ಸ್ವರ್ಗ ಅರ್ಧ ಲೋಟ ಕಾಫಿಯಷ್ಟು ಹೊತ್ತು ಇತ್ತು.

ಯಾರೋ ವ್ಯಾನಿನ ಬಾಗಿಲು ಬಡಿದರು. ತೆರೆದರೆ ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡ ಒಬ್ಬ ಮುದುಕ, ದೇವರ ಬಾಗಿಲು ತೆರೆದಂಥ ಮುಖ ಮಾಡಿಕೊಂಡು ನಿಂತಿದ್ದ. ಹೆಸರು ದ್ಯಾವಯ್ಯ, ಹೆಗ್ಗದ್ದೆಗೆ ಸೇರಿದ ಕೆಳಗಿನ ಹಟ್ಟಿಯ ಹಿರಿಯ.

"ಅಂತೂ ಬಂದ್ರಲ್ಲ ಸ್ವಾಮಿ. ಕಂಬ ಮುರ್ಕಂಡು ಆರು ದಿನ ಆಯ್ತು. ಊರೇ ಕತ್ಲೇಲೈತೆ."

"ನಾವು ಕರೆಂಟಿನವರಲ್ಲ ಯಜಮಾನ್ರೇ. ಟೂರ್ ಬಂದಿರೋದು."

"ಏಣಿ ಐತಲ್ಲ ಹಿಂದ್ಗಡೆ?"

"ಅದು ಬೇರೆ ಏಣಿ."

ದ್ಯಾವಯ್ಯ ಮಳೆಯನ್ನು ನೋಡಿದ, ಹೂತ ಚಕ್ರವನ್ನು ನೋಡಿದ, ಆಮೇಲೆ ದೇವೇಂದ್ರನ ಮುಖವನ್ನು ಕನಿಕರದಿಂದ ನೋಡಿದ.

"ನಿಮಗೆ ಮನೆ ಐತಾ ಸ್ವಾಮಿ?"

"ಐತೆ."

"ಸೋರ್ತದಾ?"

"ಇಲ್ಲ."

"ಮತ್ಯಾಕೆ ಗಾಡೀಲಿ ಮಲಗ್ತೀರಿ?"

ಅಷ್ಟರಲ್ಲಿ ದ್ಯಾವಯ್ಯನ ಕಣ್ಣು ಒಳಗಿನ ಹಳದಿ ಲೈಟುಗಳ ಮೇಲೆ ಬಿತ್ತು. ಅವನು ಅಂಗಿಯೊಳಗಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೊಬೈಲು ತೆಗೆದ. ನಾಳೆ ಅವನ ಮೊಮ್ಮಗಳು ಮಾನಸಾಳ ನಿಶ್ಚಿತಾರ್ಥವಂತೆ. ಗಂಡಿನ ಕಡೆಯವರು ಈ ಮಳೆಯಲ್ಲಿ ಬರುತ್ತಾರೋ ಇಲ್ಲವೋ ತಿಳಿಯದು. ಗುಡ್ಡದ ನೆತ್ತಿಗೆ ಹೋದರೆ ಸಿಗ್ನಲ್ ಸಿಗುತ್ತದೆ, ಆದರೆ ಊರಿನ ಒಂದು ಫೋನಿಗೂ ಜೀವವಿಲ್ಲ.

"ಒಂದ್ ಹತ್ತು ನಿಮಿಷ ಚಾರ್ಜಿಗೆ ಹಾಕಿ ಕೊಡಿ, ಸಾಕು."

ದೇವೇಂದ್ರ ಹೆಂಡತಿಯ ಕಡೆ ನೋಡಿದ. ಅವಳು ಹುಬ್ಬೇರಿಸಿ ಕಾಯುತ್ತಿದ್ದಳು. ಅವನು ಉಸಿರೆಳೆದುಕೊಂಡು, ಬೆಳಗಿನಿಂದ ಕಲಿತ ಪಾಠವನ್ನೆಲ್ಲ ಒಟ್ಟುಮಾಡಿ, "ಆಗ್..." ಎಂದ. "...ಲಿ," ಎಂದು ಮುಗಿಯಿತು.

ಸೌಜನ್ಯ ಲೋಟ ತೊಳೆಯತೊಡಗಿದಳು. ಅಂಗೈಯಗಲದ ಸಿಂಕಿನಲ್ಲಿ ಅಷ್ಟೊಂದು ಸದ್ದು ಹೇಗೆ ಬಂತೋ.

ದ್ಯಾವಯ್ಯ ಚಾರ್ಜಾದ ಫೋನು ಹಿಡಿದು ಗುಡ್ಡ ಹತ್ತಿದ. ಹತ್ತುವಾಗ ಎದುರಾದವರಿಗೆಲ್ಲ ಏನು ಹೇಳಿದನೋ, ಕಾಲು ಗಂಟೆಯಲ್ಲಿ ವ್ಯಾನಿನ ಮುಂದೆ ಕೊಡೆ, ಕೊಪ್ಪೆ, ಬಾಳೆಲೆಗಳ ಸಾಲು ನಿಂತಿತು. ಪ್ರತಿಯೊಬ್ಬರ ಕೈಯಲ್ಲೂ ಫೋನು, ಫೋನಿಗೊಂದು ಚಾರ್ಜರು, ಕೆಲವರ ಹತ್ತಿರ ಮನೆಯವರೆಲ್ಲರ ಫೋನು ತುಂಬಿದ ತಂತಿ ಬುಟ್ಟಿ. ದೇವೇಂದ್ರ ಅಭ್ಯಾಸಬಲದಿಂದ ಒಂದು ಕಾಗದ ಹರಿದು ಚೀಟಿ ಮಾಡಿ, ನಂಬರು ಬರೆದು, ಫೋನಿಗೊಂದು ರಬ್ಬರ್ ಬ್ಯಾಂಡು ಸುತ್ತಿ ಇಡಲು ಶುರುಮಾಡಿದ. ಹದಿನೆಂಟನೆಯ ಚೀಟಿ ಬರೆಯುವಾಗ ತಲೆಯೆತ್ತಿದರೆ ಸೌಜನ್ಯ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಹೊಸಕೋಟೇನೇ ಎತ್ಕೊಂಡ್ ಬಂದಿದೀರಲ್ರೀ," ಎಂದಳು.

ಗುಡ್ಡದಿಂದ ದ್ಯಾವಯ್ಯ ಓಡುತ್ತ ಇಳಿದು ಬಂದ. ಅರವತ್ತೆಂಟರ ಮುದುಕ ಅಷ್ಟು ಜೋರಾಗಿ ಓಡಿದ್ದನ್ನು ಊರು ನೋಡಿರಲಿಲ್ಲವಂತೆ.

"ಬರ್ತಾವ್ರಂತೆ. ನಲ್ವತ್ತು ಜನ. ಎಂಥ ಮಳೆ ಬಂದ್ರೂ ಬಂದೇ ಬರ್ತೀವಿ ಅಂದ್ಬುಟ್ರು."

ಸಾಲಿನಲ್ಲಿ ಒಂದು ಸಂತೋಷದ ಗದ್ದಲವೆದ್ದಿತು. ಹಿಂದೆಯೇ ಒಂದು ಗಾಬರಿಯ ಗದ್ದಲವೂ ಎದ್ದಿತು. ಬರುವುದಿಲ್ಲವೆಂದೇ ಎಣಿಸಿ ಯಾರೂ ಏನೂ ತಯಾರಿ ಮಾಡಿರಲಿಲ್ಲ. ದ್ಯಾವಯ್ಯನ ಹೆಂಡತಿ ಭೂತಮ್ಮ ಸಾಲು ಸೀಳಿಕೊಂಡು ಮುಂದೆ ಬಂದಳು. ಕಂಕುಳಲ್ಲಿ ಮಗುವನ್ನೆತ್ತಿಕೊಂಡ ಹಾಗೆ ಒಂದು ಮಿಕ್ಸಿ ಇತ್ತು.

"ಮಗಾ, ನಲ್ವತ್ತು ಜನಕ್ಕೆ ಮಸಾಲೆ ರುಬ್ಬಬೇಕು. ಒರಳಲ್ಲಿ ರುಬ್ಬೋಕೆ ನಂಗೆ ರಟ್ಟೆ ಇಲ್ಲ ಕಣಪ್ಪ."

ದೇವೇಂದ್ರ ಈ ಸಲ ನಿಜವಾಗಿಯೂ ಗಟ್ಟಿಯಾಗಿದ್ದ. "ಅಜ್ಜಿ, ಮಿಕ್ಸಿಗೆ ಈ ಬ್ಯಾಟರಿ..." ಎಂದು ಶುರುಮಾಡಿದ್ದನಷ್ಟೆ. ಭೂತಮ್ಮನ ಬೆನ್ನ ಹಿಂದೆ ಮಾನಸಾ ನಿಂತಿದ್ದಳು. ಆಗಷ್ಟೇ ಗಂಡು ಬರುವ ಸುದ್ದಿ ಕೇಳಿ ನಗಬೇಕೋ ಅಳಬೇಕೋ ತಿಳಿಯದೆ, ಕೊಡೆಯನ್ನು ತಲೆಕೆಳಗಾಗಿ ಹಿಡಿದುಕೊಂಡು ನೆನೆಯುತ್ತಿದ್ದಳು.

"ಏ ಹುಡುಗಿ, ಹೀಗೆ ನೆನೆದ್ರೆ ನಾಳೆ ಸೀನ್ಕೊಂಡು ಕೂರ್ತೀಯ. ಬಾ ಒಳಗೆ," ಎಂದು ಸೌಜನ್ಯ ಅವಳ ಕೈಹಿಡಿದು ಎಳೆದುಕೊಂಡಳು. "ಸೀರೆ ಯಾವ್ದು ಉಡ್ತೀಯಾ?"

"ಸೀರೆ ಪೆಟ್ಟಿಗೇಲಿ ಮುದುರಿ ಹೋಗೈತೆ ಅಕ್ಕ. ಇಸ್ತ್ರಿ ಹಾಕೋಕೆ ಕರೆಂಟಿಲ್ಲ."

"ಅದನ್ನ ನೋಡ್ಕೊಳ್ಳಣ. ಅಜ್ಜಿ, ಆ ಮಿಕ್ಸಿ ಇಲ್ಲಿ ಕೊಡಿ."

ದೇವೇಂದ್ರ ಬಾಯಿ ತೆರೆದುಕೊಂಡೇ ನಿಂತ. "ಯಾರ ಕೆಲಸಾನೂ ಮುಟ್ಟಂಗಿಲ್ಲ ಅಂದಿದ್ಯಲ್ಲೇ?"

"ಅದು ನಿಮಗೆ ಹೇಳಿದ್ದು. ನಾನೆಲ್ಲಿ ಮಾತು ಕೊಟ್ಟಿದೀನಿ?"

ಅಲ್ಲಿಂದ ಮುಂದೆ ವ್ಯಾನು ದೇವೇಂದ್ರನ ಕೈಯಲ್ಲಿರಲಿಲ್ಲ. ಒಲೆಯ ಪಕ್ಕ ಮಿಕ್ಸಿ ಗರ್‍ರೆಂದಿತು. ಕೊತ್ತಂಬರಿ, ಮೆಣಸಿನಕಾಯಿ, ಬೆಳ್ಳುಳ್ಳಿಯ ಘಾಟು ರಾಜೇಶನ ಬಿಳಿ ಪರದೆಗಳನ್ನೆಲ್ಲ ಸೇರಿತು. ಹಾಸಿಗೆಯ ಮೇಲೆ ಆರು ಹೆಂಗಸರು ಕೂತು ಬೆಳ್ಳುಳ್ಳಿ ಬಿಡಿಸುತ್ತ, ಗಂಡಿನ ಮನೆಯವರ ಮೂರು ತಲೆಮಾರನ್ನೂ ಬಿಡಿಸಿದರು. ಸೌಜನ್ಯ ನಡುವೆ ಕೂತು, ಹೊಸಕೋಟೆಯಲ್ಲಿ ವರ್ಷಕ್ಕೊಮ್ಮೆ ನಗುವಷ್ಟನ್ನು ಒಂದು ಗಂಟೆಯಲ್ಲಿ ನಕ್ಕಳು. ಜಾಗವಿಲ್ಲದೆ ದೇವೇಂದ್ರ ಹೊರಗೆ ಕೊಡೆ ಹಿಡಿದು ನಿಂತು, ಕಿಟಕಿಯಿಂದ ಚೀಟಿ ನೋಡಿ ಫೋನು ಹಂಚಿದ.

ಆಗ ಬಂದವನು ಅದೇ ಹಟ್ಟಿಯ ಕುಮಾರ್. ಹೆಗಲ ಮೇಲೆ, ಕುರಿಮರಿ ಹೊತ್ತ ಹಾಗೆ, ಟ್ರ್ಯಾಕ್ಟರಿನ ಬ್ಯಾಟರಿ ಹೊತ್ತಿದ್ದ.

"ಸಾರ್, ಇದಕ್ಕೊಂಚೂರು ಜೀವ ಕೊಡಿ. ಟ್ರ್ಯಾಕ್ಟರ್ ಸ್ಟಾರ್ಟಾದ್ರೆ ನಿಮ್ ಗಾಡೀನ ಒಂದೇ ಏಟಿಗೆ ಎಳೆದು ರೋಡಿಗೆ ಹಾಕ್ತೀನಿ."

ಬೆಳಗಿನಿಂದ ಅವನ ಪರವಾಗಿ ಯಾರಾದರೂ ಆಡಿದ ಮೊದಲ ಮಾತು ಇದು. ದೇವೇಂದ್ರ ಅವಸರದಿಂದ ತಂತಿ ಸಿಕ್ಕಿಸಿದ. ಗಂಟೆ ಕಳೆಯಿತು. ಕುಮಾರ್ ಬ್ಯಾಟರಿ ಹೊತ್ತುಕೊಂಡು ಹೋದ. ಸ್ವಲ್ಪ ಹೊತ್ತಿನಲ್ಲಿ ಕೆಳಗಿನಿಂದ ಟ್ರ್ಯಾಕ್ಟರಿನ ಸದ್ದು ಕೇಳಿ ದೇವೇಂದ್ರ ಹಗ್ಗ ಕಟ್ಟುವ ಕೊಂಡಿಯನ್ನು ಒರೆಸಿ ಸಿದ್ಧಮಾಡಿ ನಿಂತ. ಟ್ರ್ಯಾಕ್ಟರು ಬಂತು, ಹತ್ತಿರವಾಯಿತು, ಅವನನ್ನು ದಾಟಿ ಮುಂದೆ ಹೋಯಿತು.

"ಮೊದ್ಲು ಮರ ಎಳೆದು ಬರ್ತೀನಿ ಸಾರ್," ಎಂದು ಕುಮಾರ್ ಹೋಗುತ್ತಲೇ ಕೈಬೀಸಿದ. "ಆಚೆ ಲೈನ್‌ಮನ್ ಬಂದು ಕಾಯ್ತಾವ್ನಂತೆ. ಅತ್ಲಾಗಿನ ಕಂಬ ಎಲ್ಲ ನಿಲ್ಸಾಗೈತೆ, ಈ ತುದೀಲಿ ತಂತಿ ಕಟ್ಟೋದೊಂದೇ ಬಾಕಿ."

ನ್ಯಾಯವಾದ ಮಾತು. ದೇವೇಂದ್ರ ಎಂದಿನಂತೆ "ಆಗ್ಲಿ" ಎಂದ.

ಇತ್ತ ವ್ಯಾನಿನಲ್ಲಿ ಮಾನಸಾಳ ಸೀರೆ ಬಂದಿತ್ತು. ಹಸಿರು ರೇಷ್ಮೆ, ಕೆಂಪು ಅಂಚು. ಸೌಜನ್ಯ ಹಾಸಿಗೆಯ ಮೇಲೆ ಅದನ್ನು ಹರವಿ, ಭೂತಮ್ಮನ ಮನೆಯ ಇಸ್ತ್ರಿಪೆಟ್ಟಿಗೆಯನ್ನು ಸಿಕ್ಕಿಸಿದಳು. ಮಿಕ್ಸಿಯಲ್ಲಿ ಕೊನೆಯ ಮಸಾಲೆ ಸುತ್ತುತ್ತಿತ್ತು, ಹನ್ನೊಂದು ಫೋನುಗಳು ಕರೆಂಟು ಹೀರುತ್ತಿದ್ದವು. ಹಾಸಿಗೆಯಡಿಯಿಂದ ಒಂದು ಸಣ್ಣ ‘ಟಪ್’ ಕೇಳಿಸಿತು. ಮಿಕ್ಸಿ ನಿಟ್ಟುಸಿರು ಬಿಟ್ಟು ನಿಂತಿತು. ಹಳದಿ ಬಳ್ಳಿ ಒಣಗಿದ ಹಾಗೆ ಆರಿಹೋಯಿತು.

ಸೀರೆಯ ಅರ್ಧ ಕನ್ನಡಿಯಂತಿತ್ತು, ಇನ್ನರ್ಧ ಹಪ್ಪಳದಂತಿತ್ತು.

ದೇವೇಂದ್ರ ಎಲ್ಲ ಸ್ವಿಚ್ಚನ್ನೂ ಒತ್ತಿ ನೋಡಿದ, ಹಾಸಿಗೆಯಡಿ ತೂರಿ ಬ್ಯಾಟರಿಯನ್ನು ತಟ್ಟಿ ನೋಡಿದ, ಏಣಿ ಹತ್ತಿ ಸೋಲಾರ್ ಹಲಗೆಯನ್ನು ಒರೆಸಿಯೂ ನೋಡಿದ. ಒರೆಸಿದಷ್ಟೂ ಮಳೆ ಬಂತು. ಇಳಿದಾಗ ಮಾನಸಾಳ ಕಣ್ಣು ತುಂಬಿದ್ದನ್ನು ಕಂಡು, ಆ ಪುಟ್ಟ ಊರಿನ ಕರೆಂಟನ್ನು ತಾನೇ ಕದ್ದವನಂತೆ ಅವನಿಗೆ ನಾಚಿಕೆಯಾಯಿತು.

"ಅಳಬೇಡ ಕಣಮ್ಮ. ನಾಳೆ ಬೆಳಿಗ್ಗೆ ನಾನೇ ಒಲೆ ಮೇಲೆ ಚೊಂಬು ಕಾಯ್ಸಿ ಸೀರೆ ತೀಡಿ ಕೊಡ್ತೀನಿ," ಎಂದ. ಹೇಳಿದ ಮೇಲೆ, ಇದನ್ನು ತನ್ನನ್ನು ಯಾರೂ ಕೇಳಿಯೇ ಇರಲಿಲ್ಲವೆಂದು ಹೊಳೆಯಿತು. ಸೌಜನ್ಯ ಅವನನ್ನು ಒಂದು ಥರಾ ನೋಡಿದಳು. ಈ ಸಲ ಹುಬ್ಬೇರಿರಲಿಲ್ಲ.

ಸಂಜೆ ಮರ ಪಕ್ಕಕ್ಕೆ ಸರಿಯಿತು. ಆಚೆಯಿಂದ ಬಂದ ಲೈನ್‌ಮನ್ ಕುಳ್ಳಯ್ಯ ಹೆಸರಿಗೆ ತದ್ವಿರುದ್ಧವಾಗಿ ಆರಡಿ ಎತ್ತರದ ಆಳು. ಮೂರು ದಿನದಿಂದ ನಿದ್ದೆಯಿಲ್ಲದೆ ಕಣ್ಣು ಕೆಂಡವಾಗಿತ್ತು. ಬಂದವನೇ ಕಂಬ ಹತ್ತಿದ. ಊರೆಲ್ಲ ಕೆಳಗೆ ಕತ್ತೆತ್ತಿ ನಿಂತಿತು. ಮುಸ್ಸಂಜೆಯ ಹೊತ್ತಿಗೆ ಅವನು ಇಳಿದು ಟ್ರಾನ್ಸ್‌ಫಾರ್ಮರಿನ ಹಿಡಿ ಎತ್ತಿದ. ಕಣಿವೆಯ ಮನೆಗಳೆಲ್ಲ ಒಮ್ಮೆಲೇ ಬೆಳಗಿದವು.

ದೇವೇಂದ್ರನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ತಟ್ಟಿ ಮುಗಿಸಿ ನೋಡಿದರೆ ಸುತ್ತ ಯಾರೂ ಇರಲಿಲ್ಲ. ಟಿವಿಗೆ, ಮೋಟರಿಗೆ, ಗೀಸರಿಗೆ ಅಂತ ಊರಿಗೆ ಊರೇ ಓಡಿತ್ತು. ಮಿಕ್ಸಿಯೂ ಹೋಗಿತ್ತು, ಇಸ್ತ್ರಿಪೆಟ್ಟಿಗೆಯೂ ಹೋಗಿತ್ತು, ಅದರ ಹಿಂದೆ ಸೌಜನ್ಯಳೂ ಹೋಗಿದ್ದಳು. ಟ್ರ್ಯಾಕ್ಟರು ಮಾತ್ರ ದೂರದಲ್ಲಿ ಹೋಗುತ್ತಿತ್ತು.

"ಕುಮಾರಾ, ನನ್ ಗಾಡಿ..."

"ನಾಳೆ ಸಾರ್," ಎಂದು ಕೂಗಿದ ಕುಮಾರ್. "ಕತ್ಲಾಗೋದ್ರೊಳಗೆ ಹೆಗ್ಗದ್ದೆಯಿಂದ ಚೇರು, ಪಾತ್ರೆ ತರ್ಬೇಕು."

ದೇವೇಂದ್ರ ಕೆಸರಿನಲ್ಲಿ ಕಾಲೆಳೆಯುತ್ತ ದ್ಯಾವಯ್ಯನ ಮನೆಗೆ ನಡೆದ. ಅಲ್ಲಿ ಸೀರೆಯ ಉಳಿದರ್ಧವೂ ಕನ್ನಡಿಯಾಗಿತ್ತು. ಸೌಜನ್ಯಳ ಕೈತುಂಬ ಅರಿಶಿನ. ಒಂದು ಕಂಬದ ಮರೆಗೆ ಕರೆದು ಅವನು ಮೆಲ್ಲಗೆ ಹೇಳಿದ:

"ನಡಿಯೇ, ವ್ಯಾನಿಗೆ ಹೋಗಣ. ಲೈಟ್ ಇಲ್ದಿದ್ರೂ ಹಾಸಿಗೆ ಐತೆ. ನಾವಿಬ್ರೇ."

ಅವನ ಕೆಸರಿನ ಪ್ಯಾಂಟು, ಒದ್ದೆ ತಲೆ ನೋಡಿ ಅವಳಿಗೆ ಪಾಪ ಅನ್ನಿಸಿರಬೇಕು. ಭೂತಮ್ಮ ಕಟ್ಟಿಕೊಟ್ಟ ಬಿಸಿ ಕಡುಬಿನ ಡಬ್ಬಿ ಹಿಡಿದು ಇಬ್ಬರೂ ಒಂದೇ ಕೊಡೆಯಡಿ ನಡೆದು ಬಂದರು. ಮಳೆ ಸಣ್ಣಗಾಗಿತ್ತು. ಸೌಜನ್ಯ ಅವನ ತೋಳಿಗೆ ಕೈಹಾಕಿಕೊಂಡಳು. ಬೆಳಗಿನಿಂದ ಆದದ್ದೆಲ್ಲ ಇದಕ್ಕಾಗಿಯೇ ಆಗಿದ್ದರೂ ಪರವಾಗಿಲ್ಲ ಅಂದುಕೊಂಡ ದೇವೇಂದ್ರ ವ್ಯಾನಿನ ಬಾಗಿಲು ಎಳೆದ.

ಬಾಗಿಲು ಬರಲಿಲ್ಲ. ಒಳಗಿಂದ ಚಿಲಕ ಹಾಕಿತ್ತು. ಕಿವಿಗೊಟ್ಟರೆ ಗರಗಸದಲ್ಲಿ ಹಲಸಿನ ಮರ ಕುಯ್ದಂಥ ಗೊರಕೆ.

ಅವನು ಬಾಗಿಲು ಬಡಿಯಲು ಕೈಯೆತ್ತಿದ್ದೇ ತಡ, ಹಿಂದಿನಿಂದ ದ್ಯಾವಯ್ಯ ಟಾರ್ಚು ಬೀಸುತ್ತ ಓಡಿಬಂದ.

"ಬಡೀಬೇಡಿ ಸ್ವಾಮಿ, ಬಡೀಬೇಡಿ. ಕುಳ್ಳಯ್ಯ ಮಲಗವ್ನೆ."

"ನಮ್ ಗಾಡೀಲಾ?"

"ಮೂರು ದಿನದಿಂದ ಕಣ್ ಮುಚ್ಚಿಲ್ಲ ಆ ಪುಣ್ಯಾತ್ಮ. ನಮ್ಮನೇಲಿ ಗಲಾಟೆ, ನಿದ್ದೆ ಎಲ್ಲಿ ಬರ್ತದೆ? ನಿಮ್ ಗಾಡೀಲಿ ಹಾಸಿಗೆ ಸುಮ್ನೆ ಬಿದ್ದಿತ್ತಲ್ಲ, ಅಲ್ ಮಲ್ಕೋ ಹೋಗು ಅಂದೆ. ನೀವು ಯಾರಿಗೂ ಇಲ್ಲ ಅನ್ನೋರಲ್ಲ ಅಂತ ಊರಿಗೇ ಗೊತ್ತಾಗೈತಲ್ಲ."

ಅಷ್ಟರಲ್ಲಿ ಇನ್ನೂ ನಾಲ್ಕು ಜನ ಬಂದು, ವ್ಯಾನಿನ ಸುತ್ತ ಬೆರಳು ತುಟಿಗಿಟ್ಟುಕೊಂಡು ಕಾವಲಿಗೆ ನಿಂತರು. ಮಲಗಿದವನಿಗೆ ಸಿಟ್ಟು ಬಂದು ನಾಳೆ ನಿಶ್ಚಿತಾರ್ಥದ ಹೊತ್ತಿಗೆ ಲೈನು ಕೈಕೊಟ್ಟರೆ ಗತಿಯೇನು ಎಂಬ ಚಿಂತೆ ಅವರದು.

ದೇವೇಂದ್ರ ದನಿ ತಗ್ಗಿಸಿ ಕೇಳಿದ. "ಬೆಳಿಗ್ಗೆ ಬೇಗ ಡ್ಯೂಟಿಗೆ ಹೋಗ್ತಾರಾ?"

"ಇಲ್ಲ ಸ್ವಾಮಿ. ನಾಳೆ ಭಾನುವಾರ ಅಲ್ವಾ, ರಜ ಹಾಕವ್ನಂತೆ. ಒಳ್ಳೆ ಜಾಗ, ಎರಡು ದಿನ ಇಲ್ಲೇ ಮಲಗ್ತೀನಿ, ಯಾರೂ ಎಬ್ಬಿಸ್ಬೇಡಿ ಅಂದ."

ಸೌಜನ್ಯ ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು ನಗು ತಡೆಯಲು ನೋಡಿದಳು. ಆಗಲಿಲ್ಲ. ಕಾವಲಿನವರು "ಶ್" ಎಂದರು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಅವನ ಭುಜಕ್ಕೆ ಒರಗಿ ನಕ್ಕಳು. ಒಳಗೆ ಕುಳ್ಳಯ್ಯ ಮಗ್ಗುಲು ಬದಲಿಸಿರಬೇಕು. ಬೆಳಗಿನಿಂದ ಯಾವ ಉಪಾಯಕ್ಕೂ ಕದಲದಿದ್ದ ವ್ಯಾನು ಒಮ್ಮೆ ಮೆಲ್ಲಗೆ ಅಲುಗಾಡಿತು.

"ಬನ್ನಿ, ಮನೆಗೆ ಹೋಗಣ," ಎಂದ ದ್ಯಾವಯ್ಯ, ದೇವೇಂದ್ರನ ಹೆಗಲ ಮೇಲೆ ಕೈಯಿಟ್ಟು. "ಹೆಂಗೂ ನಿದ್ದೆ ಮಾಡೋ ಜಾಗ ಇಲ್ಲ. ಇಪ್ಪತ್ತು ಕಾಯಿ ತುರಿಯೋದೈತೆ."